ಜಾಕ್ ಇಡದ ಜಾಗ

ಸದ್ದು ಮೊದಲು ಕೇಳಿಸಿದ್ದು ಗ್ಯಾರೇಜ್ ಮೇಸ್ತ್ರಿಯ ಹೆಂಡತಿಗೆ. ಕಾರಿನ ಬಗ್ಗೆ ಅವಳಿಗೆ ಏನೂ ತಿಳಿಯದು, ಅವಳದು ಹೊಲಿಗೆಯ ಕೆಲಸ. ಆದರೆ ಸೂಜಿ ಮುರಿಯುವ ಮುಂಚೆ ಹೊಲಿಗೆ ಯಂತ್ರ ಬೇರೆಯೇ ದನಿಯಲ್ಲಿ ತಟ್ಟುತ್ತದೆ ಎಂಬುದು ಅವಳ ಕಿವಿಗೆ ಚೆನ್ನಾಗಿ ಗೊತ್ತಿತ್ತು. ಶನಿವಾರ ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಗಂಡನ ಪಕ್ಕ ಕೂತು ಬರುತ್ತಿದ್ದಾಗ, ಓಣಿಯ ಮೂಲೆಯ ಹಂಪ್ ಹತ್ತಿ ಇಳಿದ ಕೂಡಲೇ ಅವಳ ಪಾದದ ಕೆಳಗೆ ‘ಟೊಕ್’ ಎಂದಿತು.

“ರೀ, ಏನದು?”

“ಯಾವುದು?”

“ಟೊಕ್ ಅಂತು ನೋಡಿ.”

“ಹಳೇ ಗಾಡಿ ಕಣೇ. ನನ್ನ ಮಂಡಿನೂ ಟೊಕ್ ಅನ್ನುತ್ತೆ.”

“ನಿಮ್ಮ ಮಂಡಿ ಮೇಲೆ ಕೂತು ನನ್ನ ಮಗಳು ಬೆಟ್ಟ ಇಳಿಯಲ್ಲ.”

ಮೇಸ್ತ್ರಿ ನಕ್ಕ. ಆದರೆ ಮನೆ ಮುಟ್ಟುವಷ್ಟರಲ್ಲಿ ಆ ಸದ್ದು ಅವನಿಗೂ ಕೇಳಿಸಿತ್ತು, ನಗು ಅಲ್ಲಿಗೇ ನಿಂತಿತ್ತು.

ಮಗಳಿಗೆ ಬೆಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಬೆಳಗಿನ ಪಾಳಿ. ಆ ಹೊತ್ತಿಗೆ ಮೊದಲನೇ ಬಸ್ಸಿನ ಡ್ರೈವರ್ ಇನ್ನೂ ಹಲ್ಲುಜ್ಜಿರುವುದಿಲ್ಲ. ಹಾಗಾಗಿ ಮನೆಯ ಕಾರು ಅವಳ ಪಾಲಿಗೆ ಬಂದಿತ್ತು. ಅದು ಅವಳ ಅಜ್ಜ ಕೊಂಡಿದ್ದ ಕಾರು, ಅವಳಿಗಿಂತ ವಯಸ್ಸಿನಲ್ಲಿ ದೊಡ್ಡದು. ಅವಳು ಓಡಿಸಲು ಕಲಿತು ಹೆಚ್ಚು ದಿನವಾಗಿರಲಿಲ್ಲ. ಆದರೆ ಎಲ್ಲದರಲ್ಲೂ ಚುರುಕು, ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಚೂಟಿ ಎಂದು. ಇಳಿಯಬೇಕಾದ ರಸ್ತೆಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲುಕಟ್ಟೆ. ಕಟ್ಟೆಯಾಚೆ ಮರಗಳ ಬುಡ ಕಾಣುವುದಿಲ್ಲ, ತುದಿಗಳಷ್ಟೇ ಕಾಣುತ್ತವೆ.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬೇರೆಯವರ ಗಾಡಿಗಳನ್ನೆಲ್ಲ ಹೊರಗೆ ತಳ್ಳಿ ಮನೆಯ ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿದ. ಮನೆಯ ಮುಂಭಾಗವೇ ಶೆಡ್ಡು. ಗೋಡೆಗೆ ಒರಗಿಸಿಟ್ಟ, ಯಾವುದೋ ಕಾರಿನಿಂದ ಕಳಚಿದ ಹಿಂದಿನ ಸೀಟಿನ ಮೇಲೆ ಅವನ ಅಪ್ಪ, ಮುದುಕ ಮೇಸ್ತ್ರಿ, ಚಹಾ ಕುಡಿಯುತ್ತ ಕೂತಿದ್ದ. ಲೋಟ ಎಡಗೈಯಲ್ಲಿತ್ತು. ಬಲಗೈಯ ನಾಲ್ಕು ಬೆರಳೂ ಒಳಮುಖವಾಗಿ ಬಾಗಿ, ಎಷ್ಟೋ ವರ್ಷದಿಂದ ಬಿಚ್ಚದ ಮುಷ್ಟಿಯಾಗಿ ಉಳಿದಿದ್ದವು.

ಕಾರಿನ ಮುಂಭಾಗದ ಸದ್ದು ಹುಡುಕುವುದೆಂದರೆ ಮನೆಗೆ ಕಳ್ಳ ಬಂದಾಗ ಒಬ್ಬೊಬ್ಬರನ್ನೇ ವಿಚಾರಿಸಿದ ಹಾಗೆ. ಸುಮ್ಮನೆ ಸಿಕ್ಕವರ ಕೊರಳಪಟ್ಟಿ ಹಿಡಿದರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ. ಮೇಸ್ತ್ರಿ ಮೊದಲು ಡಿಕ್ಕಿಯಲ್ಲಿದ್ದ ಸ್ಪ್ಯಾನರ್, ಸ್ಟೆಪ್ನಿ ಎಲ್ಲ ಕೆಳಗಿಳಿಸಿದ. ಓಣಿಯಲ್ಲಿ ಒಂದು ಸುತ್ತು ಹೊಡೆದ. ಟೊಕ್. ಬಾನೆಟ್ಟನ್ನು ಹಗ್ಗದಿಂದ ಬಿಗಿದು ಕಟ್ಟಿ ಮತ್ತೊಂದು ಸುತ್ತು. ಟೊಕ್. ಬ್ರೇಕನ್ನು ಲಘುವಾಗಿ ಒತ್ತಿಕೊಂಡೇ ಹಂಪ್ ದಾಟಿದ. ಬ್ರೇಕಿನ ಪ್ಯಾಡ್ ಅಲ್ಲಾಡುತ್ತಿದ್ದರೆ ಆಗ ಸದ್ದು ನಿಲ್ಲಬೇಕು. ನಿಲ್ಲಲಿಲ್ಲ. ಶಾಕ್ ಅಬ್ಸಾರ್ಬರಿನ ಬೋಲ್ಟುಗಳನ್ನು ಬಿಗಿ ಮಾಡಿದ. ಎರಡು ಚಕ್ರಗಳ ನಡುವಿನ ಲಿಂಕ್ ರಾಡನ್ನು ಬಿಚ್ಚಿ ಮೂಲೆಗಿಟ್ಟು, ಅದಿಲ್ಲದೆಯೇ ಓಡಿಸಿ ನೋಡಿದ. ಸದ್ದು ಇನ್ನೂ ಇತ್ತು. ಪ್ರತಿ ಸಲವೂ ಇರುತ್ತಿರಲಿಲ್ಲ, ಅದೇ ಅವನನ್ನು ಹೆದರಿಸಿದ್ದು. ಒಂದೊಂದು ಸುತ್ತಿನಲ್ಲಿ ಕಾರು ಹಾಲು ಕುಡಿದ ಮಗುವಿನ ಹಾಗೆ ಸುಮ್ಮನಿರುತ್ತಿತ್ತು.

“ಊರಿನವರ ಗಾಡಿ ಕೆಮ್ಮಿದ್ರೆ ಕಿವಿ ಇಟ್ಟು ಕೇಳ್ತೀರಿ,” ಎಂದಳು ಹೆಂಡತಿ, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಾಗಿಲಿಗೆ ಬಂದು. “ಮನೆ ಗಾಡಿದು ಮಾತ್ರ ಸಿಕ್ಕಲ್ಲ ಅಲ್ವಾ?”

“ಸಿಗುತ್ತೆ. ನೀನು ತಲೆ ತಿನ್ನಬೇಡ.”

“ತಿನ್ನೋಕೆ ಅದರಲ್ಲಿ ಏನಾದ್ರೂ ಉಳಿದಿದ್ರೆ ತಾನೆ.”

ಮುದುಕ ಮೇಸ್ತ್ರಿ ನಗಲಿಲ್ಲ. ಸಾಮಾನ್ಯವಾಗಿ ಸೊಸೆಯ ಮಾತಿಗೆ ಮೊದಲು ನಗುವವನೇ ಅವನು. “ಆ ಗಾಡಿ ಸಾಕು ಕಣೋ,” ಎಂದಷ್ಟೇ ಹೇಳಿದ. “ಹುಡುಗಿ ಬೇರೆ ಏನಾದ್ರೂ ನೋಡ್ಕೊಳ್ಳಲಿ.”

“ಬೇರೆ ಏನಿದೆ ಅಜ್ಜ? ಹಾರ್ಕೊಂಡು ಹೋಗ್ಲಾ?” ಎಂದಳು ಚೂಟಿ. ಕೀ ಆಗಲೇ ಅವಳ ಬೆರಳಲ್ಲಿ ತಿರುಗುತ್ತಿತ್ತು. “ಅಪ್ಪ, ಓಣೀಲಿ ಓಡಿಸಿದ್ರೆ ಏನು ಗೊತ್ತಾಗುತ್ತೆ? ಬೆಟ್ಟದ ರಸ್ತೆಗೇ ಹೋಗೋಣ. ನಾನು ಓಡಿಸ್ತೀನಿ, ನೀವು ಕಿವಿ ಕೊಡಿ.”

ಮಾತು ಸರಿಯಾಗಿತ್ತು. ಓಡಿಸುವವನಿಗೆ ಸದ್ದಿನ ದಿಕ್ಕು ತಿಳಿಯುವುದಿಲ್ಲ, ಕೇಳುವುದಕ್ಕೆ ಇನ್ನೊಬ್ಬರು ಬೇಕು. ಮೇಸ್ತ್ರಿ ಎಡಗಡೆ ಕೂತು, ಕಿಟಕಿ ಇಳಿಸಿ, ತಲೆಯನ್ನು ಅರ್ಧ ಹೊರಗೆ ಹಾಕಿದ.

ಮೊದಲ ತಿರುವು ಸುಮ್ಮನೆ ಹೋಯಿತು. ಎರಡನೆಯದರಲ್ಲಿ ಒಂದು ಸಣ್ಣ ‘ಟೊಕ್’. “ಎಡಗಡೆ ಅನ್ಸುತ್ತೆ,” ಎಂದ. ಬಂಡೆಗೆ ಬಡಿದು ವಾಪಸ್ಸು ಬರುವ ದನಿಯಲ್ಲಿ ಖಾತ್ರಿ ಹೇಳುವುದು ಕಷ್ಟ. ಮೂರನೆಯ ತಿರುವಿನಲ್ಲಿ ಟಾರು ಕಿತ್ತುಹೋಗಿ ಒಂದು ಗುಂಡಿಯಿತ್ತು. ಚೂಟಿ ಬ್ರೇಕ್ ಒತ್ತಿದಳು, ಚಕ್ರ ಗುಂಡಿಗೆ ಇಳಿಯಿತು. ಈ ಸಲ ಬಂದದ್ದು ಟೊಕ್ ಅಲ್ಲ. ಯಾರೋ ಕೆಳಗಿನಿಂದ ಸುತ್ತಿಗೆ ಬೀಸಿದ ಹಾಗೆ ‘ಢಕ್’ ಎಂದಿತು, ಸ್ಟೇರಿಂಗು ಅವಳ ಕೈಯಿಂದ ಕಿತ್ತುಕೊಂಡು ಎಡಕ್ಕೆ ಎಳೆಯಿತು. ಎಡಕ್ಕೆ ಕಲ್ಲುಕಟ್ಟೆ. ಮೇಸ್ತ್ರಿಯ ಕಿಟಕಿಯ ಕೆಳಗೇ ಜಲ್ಲಿ ಚರಚರ ಎಂದಿತು, ಮರಗಳ ತುದಿಗಳು ತನ್ನ ಮಡಿಲಿಗೇ ಬಂದಂತೆ ಅವನಿಗೆ ಕಂಡವು.

ಚೂಟಿ ಎರಡೂ ಕೈಯಿಂದ ಬಲಕ್ಕೆ ಎಳೆದಳು. ಕಾರು ಅಡ್ಡಡ್ಡವಾಗಿ ನಿಂತಿತು. ಇಂಜಿನ್ ಆರಿಹೋಗಿತ್ತು.

ಚೂಟಿ ಹ್ಯಾಂಡ್ ಬ್ರೇಕ್ ಎಳೆದಳು.

“ನಾನೇನೂ ಮಾಡ್ಲಿಲ್ಲಪ್ಪ,” ಎಂದಳು. ಚಿಕ್ಕವಳಿದ್ದಾಗ ಲೋಟ ಒಡೆದಾಗಿನ ದನಿಯೇ.

“ಗೊತ್ತು. ನಿನ್ನದೇನೂ ಇಲ್ಲ.” ಮೇಸ್ತ್ರಿ ಇಳಿದು ಬಾಗಿಲು ಹಿಡಿದುಕೊಂಡೇ ನಿಂತ.

ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ತಿರುವಿನಲ್ಲಿ ಗಾಡಿ ಬಿಟ್ಟು ಹೋದರೆ ಹಿಂದಿನಿಂದ ಬರುವ ಲಾರಿಯವನ ಗತಿ ಏನು? ಮೇಸ್ತ್ರಿ ಯೋಚಿಸಿದ. ಮೇಲಕ್ಕೆ ಹೋಗುವುದಾದರೆ ಬಂಡೆಯ ಬದಿ ತಮ್ಮದಾಗುತ್ತದೆ, ಅದೊಂದು ಪುಣ್ಯ. “ನಾನೇ ಓಡಿಸ್ತೀನಿ, ನೀನು ಇಳಿ,” ಎಂದ.

“ನೀವು ಓಡಿಸಿದ್ರೆ ಕೇಳೋರು ಯಾರು? ನಾನೇ ತರ್ತೀನಿ. ನೀವು ನಡ್ಕೊಂಡು ಬನ್ನಿ. ನಡಿಗೆಯಷ್ಟೇ ನಿಧಾನವಾಗಿ ಬಿಡ್ತೀನಿ.”

ಅವನಿಗೆ ಒಪ್ಪಿಗೆ ಇರಲಿಲ್ಲ. ಆದರೆ ಅವಳು ಬಾಗಿಲು ತೆಗೆಯಲಿಲ್ಲ. ಕಾರನ್ನು ಹೇಗೋ ತಿರುಗಿಸಿ ಮೇಲ್ಮುಖ ಮಾಡಿದರು. ಅವನು ಎಡ ಮುಂಚಕ್ರದ ಮೇಲಿನ ತಗಡಿನ ಮೇಲೆ ಅಂಗೈ ಒತ್ತಿಟ್ಟು, ಎಮ್ಮೆಯನ್ನು ಮನೆಗೆ ಹೊಡೆದುಕೊಂಡು ಬರುವವನ ಹಾಗೆ ಪಕ್ಕದಲ್ಲೇ ನಡೆದ. ಗುಂಡಿ ಬಂದಾಗಲೆಲ್ಲ ಅಂಗೈಗೆ ಒಳಗಿನಿಂದ ಯಾರೋ ಗುದ್ದಿದಂತಾಗುತ್ತಿತ್ತು. ಬಲಕ್ಕೆ ಹೋಗಿ ಅಲ್ಲಿಯೂ ಕೈ ಇಟ್ಟು ನೋಡಿದ. ಅಲ್ಲಿ ಏನೂ ಇಲ್ಲ. ಎಡ ಚಕ್ರವೇ, ಅನುಮಾನವಿಲ್ಲ. ದಾರಿಯುದ್ದಕ್ಕೂ ಅವನ ಕಣ್ಣು ಆ ಚಕ್ರದ ಮೇಲೆಯೇ ಇತ್ತು. ಅದು ಈಗ ಮಡಚಿಕೊಂಡೀತು, ಇನ್ನೊಂದು ಕ್ಷಣಕ್ಕೆ ಮಡಚಿಕೊಂಡೀತು ಎಂದು.

ಶೆಡ್ಡಿಗೆ ಬಂದ ಮೇಲೆ ಅವನು ನೆಲದ ಮೇಲೆ ಅಂಗಾತ ಮಲಗಿ, ಚಕ್ರದ ಹಿಂದೆ ಕೈ ತೂರಿಸಿದ. ಚಕ್ರವನ್ನು ಹಿಡಿದಿರುವ ಕೆಳಗಿನ ಅಗಲವಾದ ಕಬ್ಬಿಣಕ್ಕೆ ಅವರ ಶೆಡ್ಡಿನಲ್ಲಿ ತೋಳು ಎನ್ನುತ್ತಾರೆ. ಆ ತೋಳು ಚಕ್ರಕ್ಕೆ ಸೇರುವಲ್ಲಿ ಬಟ್ಟಲಿನೊಳಗೆ ಗುಂಡು ಕೂತಂತೆ ಒಂದು ಕೀಲಿರುತ್ತದೆ, ಬಾಲ್ ಜಾಯಿಂಟು. ಕಾರಿನ ಭಾರವೆಲ್ಲ ಅದರ ಮೇಲೆ. ಬೆರಳನ್ನು ಅಲ್ಲಿಟ್ಟು, “ಚೂಟಿ, ಸ್ಟೇರಿಂಗನ್ನ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಅಲ್ಲಾಡಿಸು,” ಎಂದ.

ಬೆರಳಿಗೆ ಒಂದು ಸಣ್ಣ ಕುಟುಕು ಸಿಕ್ಕಿತು.

“ಸಿಕ್ಕಿತು!” ಎಂದು ಎದ್ದ. ಜಾಕ್ ತಂದು ಎಂದಿನಂತೆ ಚಾಸಿಯ, ಅಂದರೆ ಕಾರಿನ ಮೂಲ ಚೌಕಟ್ಟಿನ, ಕೆಳಗಿಟ್ಟು ಕಾರನ್ನೆತ್ತಿದ, ಕಬ್ಬಿಣದ ಸ್ಟ್ಯಾಂಡ್ ಕೊಟ್ಟ. ಚಕ್ರ ಗಾಳಿಯಲ್ಲಿ ತೂಗಿತು. ಮೇಲೆ ಕೆಳಗೆ ಹಿಡಿದು ಜೋರಾಗಿ ಅಲ್ಲಾಡಿಸಿದ. ಅಲುಗಲಿಲ್ಲ. ಪಕ್ಕಗಳನ್ನು ಹಿಡಿದು ಅಲ್ಲಾಡಿಸಿದ. ಬಂಡೆಯ ಹಾಗಿತ್ತು. ಟೈರಿನ ಕೆಳಗೆ ಸರಳು ತೂರಿಸಿ ಮೇಲಕ್ಕೆ ಮೀಟಿದ. ಏನೂ ಇಲ್ಲ. ಕಾರನ್ನಿಳಿಸಿ ಮತ್ತೆ ಬೆರಳಿಟ್ಟ, ಕುಟುಕು ಇತ್ತು. ಮತ್ತೆ ಎತ್ತಿದ, ಹೊಸ ಗಾಡಿಯ ಹಾಗೆ ಬಿಗಿ.

ಮೇಸ್ತ್ರಿಗೆ ಇದು ಹೊಸದು. ಅವನ ಕೈಗೆ ಬರುವ ಈಗಿನ ಕಾರುಗಳು ಹಾಗಲ್ಲ. ಕೀಲು ಸವೆದಿದ್ದರೆ ಗಾಳಿಯಲ್ಲಿ ಎತ್ತಿದ ಕೂಡಲೇ ಚಕ್ರ ಲೊಡಲೊಡ ಎಂದು ತಾನೇ ಹೇಳಿಕೊಳ್ಳುತ್ತದೆ. ಇದು ರಸ್ತೆಯ ಮೇಲೆ ಮಗಳನ್ನು ಕೊಲ್ಲಲು ಹೊರಟು, ಶೆಡ್ಡಿನಲ್ಲಿ ಸಾಧುವಿನ ಹಾಗೆ ನಿಂತಿತ್ತು.

“ಬೆರಳಿಗೆ ಭ್ರಮೆ ಬಂತೇನೋ,” ಎಂದು ತನಗೇ ಹೇಳಿಕೊಂಡ.

“ಭ್ರಮೆ ಸ್ಟೇರಿಂಗ್ ಎಳೆಯುತ್ತಾ?” ಎಂದಳು ಚೂಟಿ. ಬಣ್ಣ ಇನ್ನೂ ಅವಳ ಮುಖಕ್ಕೆ ವಾಪಸ್ಸು ಬಂದಿರಲಿಲ್ಲ. ತಾಯಿ ಬಂದು ಅವಳ ಪಕ್ಕ ನಿಂತು ಅವಳ ಬೆನ್ನ ಮೇಲೆ ಕೈ ಇಟ್ಟಿದ್ದಳು. ಏನಾಯಿತೆಂದು ಇಬ್ಬರೂ ಹೇಳಿರಲಿಲ್ಲ, ಕೇಳುವ ಅಗತ್ಯ ಅವಳಿಗೂ ಬಿದ್ದಿರಲಿಲ್ಲ.

“ಅಜ್ಜ,” ಎಂದಳು ಚೂಟಿ ಇದ್ದಕ್ಕಿದ್ದ ಹಾಗೆ, “ಈ ಗಾಡಿ ಹೊಸದಿದ್ದಾಗ ಊರ ತುಂಬ ಇಂಥವೇ ಇದ್ವಲ್ಲ. ಆಗ ಈ ಕೀಲನ್ನ ನೀವು ಹೇಗೆ ನೋಡ್ತಿದ್ರಿ?”

ಆ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಉತ್ತರ ಮುದುಕನ ಬಲಗೈಯಲ್ಲಿತ್ತು.

ಅವನು ಬಾಗಿದ ಮುಷ್ಟಿಯನ್ನು ತೊಡೆಯ ಮೇಲಿಟ್ಟು ನೋಡಿದ. “ತೋಳಿಗೆ ಜಾಕ್ ಇಟ್ಟು,” ಎಂದ.

ಮೇಸ್ತ್ರಿ ನೆಲದ ಮೇಲೆ ಕುಕ್ಕರಿಸಿದ. ಆ ದಿನ ಅವನ ಕಣ್ಣ ಮುಂದೆ ಬಂತು. ಅವನಿಗಾಗ ಮೀಸೆ ಚಿಗುರುತ್ತಿದ್ದ ವಯಸ್ಸು. ಅಪ್ಪ ಒಂದು ಕಾರಿನ ತೋಳಿಗೆ ಜಾಕ್ ಕೊಟ್ಟು ಒಳಗೆ ಕೈ ಹಾಕಿದ್ದ. ಇಳಿಜಾರಾಗಿದ್ದ ತೋಳಿನಿಂದ ಜಾಕ್ ಜಾರಿತ್ತು. ಅಂದಿನಿಂದ ಈ ಶೆಡ್ಡಿನಲ್ಲಿ ಒಂದೇ ಕಟ್ಟಳೆ: ಜಾಕ್ ಎಂದರೆ ಚಾಸಿಗೆ, ತೋಳಿಗೆ ಎಂದೂ ಇಲ್ಲ. ಬೈಗುಳ, ಹೊಡೆತ ಯಾವುದೂ ಬೇಕಾಗಿರಲಿಲ್ಲ. ಆ ಕೈ ಕಣ್ಣೆದುರಿಗಿರುವಾಗ ಮಗ ಬೇರೆ ಎಲ್ಲಿಯೂ ಜಾಕ್ ಇಟ್ಟಿರಲಿಲ್ಲ. ಇಡಬೇಕು ಎಂದು ಯೋಚಿಸಿಯೂ ಇರಲಿಲ್ಲ.

ಈಗ ಯೋಚಿಸಿದ. ಈ ಕಾರಿನ ಸ್ಪ್ರಿಂಗ್ ಕೂತಿರುವುದು ತೋಳಿನ ಮೇಲೆಯೇ. ಕಾರು ನೆಲದ ಮೇಲಿದ್ದರೆ ಅದರ ಭಾರ ಕೀಲನ್ನು ಅದುಮುತ್ತದೆ. ಚಾಸಿ ಹಿಡಿದು ಎತ್ತಿದರೆ ಸ್ಪ್ರಿಂಗ್ ತೋಳನ್ನು ಕೆಳಕ್ಕೆ ತಳ್ಳಿ ಅದೇ ಕೀಲನ್ನು ಅಷ್ಟೇ ಬಿಗಿಯಾಗಿ ಅದುಮುತ್ತದೆ. ಸವೆದ ಗುಂಡು ಬಟ್ಟಲಿನಲ್ಲಿ ಅಲುಗಲು ಜಾಗವೇ ಇಲ್ಲ. ರಸ್ತೆಯ ಗುಂಡಿಗೆ ಚಕ್ರ ಬೀಳುವ ಕ್ಷಣದಲ್ಲಿ ಮಾತ್ರ ಹಿಡಿತ ಸಡಿಲುತ್ತದೆ. ಅದನ್ನು ಶೆಡ್ಡಿನಲ್ಲಿ ಸಡಿಲಿಸಬೇಕಾದರೆ ಸ್ಪ್ರಿಂಗನ್ನು ತೋಳಿನ ಕೆಳಗಿನಿಂದ ಎತ್ತಿ ಹಿಡಿಯಬೇಕು. ಬೇರೆ ದಾರಿಯಿಲ್ಲ. ಈ ಶೆಡ್ಡಿನವರು ಎಷ್ಟು ಸಲ, ಎಷ್ಟು ಎಚ್ಚರದಿಂದ ನೋಡಿದ್ದರೂ, ಕಾಣದ ಹಾಗೆಯೇ ನೋಡುತ್ತಿದ್ದರು.

ಅವನು ಜಾಕನ್ನು ತೋಳಿನ ಕಡೆಗೆ ಎಳೆದ.

“ಬೇಡ,” ಎಂದ ಮುದುಕ.

“ಅಪ್ಪ, ನೀವೇ ತಾನೇ ಹೇಳಿದ್ದು.”

“ಕೇಳಿದ್ಳು ಅಂತ ಹೇಳಿದೆ. ಮಾಡು ಅಂದ್ನಾ? ಆ ಕೀಲು ಕೆಟ್ಟಿದೆ ಅಂತಲೇ ತಿಳ್ಕೊಂಡು ಬದಲಾಯಿಸು. ನೋಡೋದೇನೂ ಬೇಡ.”

“ಕೀಲಲ್ಲದೆ ಬೇರೆ ಏನಾದ್ರೂ ಆಗಿದ್ರೆ? ಹೊಸದು ಹಾಕಿ, ಸರಿಯಾಯ್ತು ಅಂತ ಹೇಳಿ ಇವಳನ್ನ ಕಳಿಸಿ, ಆ ಮೂರನೇ ತಿರುವಿನಲ್ಲಿ...” ಮೇಸ್ತ್ರಿ ಜಾಕಿನ ಹಿಡಿಗೆ ಕೈ ಇಟ್ಟ.

ಮುದುಕನ ತುಟಿ ಅಲುಗಿತು. ಅವನು ಎದ್ದು ನಿಂತ. ಒಳಗೆ ಹೋಗುತ್ತಾನೆಂದು ಎಲ್ಲರೂ ಅಂದುಕೊಂಡರು. ಅವನು ಮಗನ ಬಳಿಗೆ ಬಂದ.

“ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದೀಯಾ?”

“ಹೂಂ.”

“ಎರಡೂ ಕಡೆ ಕೊಡು. ಆ ಸ್ಟ್ಯಾಂಡ್ ತೆಗೀಬೇಡ, ಚಾಸಿ ಕೆಳಗೆ ಹಾಗೇ ಇರಲಿ. ಜಾಕನ್ನ ಅಲ್ಲಲ್ಲ, ಅದು ಇಳಿಜಾರು, ಅಲ್ಲೇ ನಾನು ಇಟ್ಟಿದ್ದು. ಚಕ್ರದ ಕಡೆಗೆ ತಾ. ಇನ್ನೂ. ಅಲ್ಲಿ ಚಪ್ಪಟೆ ಬಟ್ಟಲು ಹಾಗೆ ಇದೆ, ಸಿಕ್ತಾ?”

“ಸಿಕ್ತು.”

“ಮಧ್ಯೆ ಮರದ ತುಂಡು ಇಡು. ಒಳಗೆ ಕೈ ಹಾಕಬೇಡ. ಒಳಗೆ ಕೈ ಹಾಕ್ಬೇಡ ಅಂದೆ!”

“ಹಾಕಿಲ್ಲ ಅಪ್ಪ. ಹೊರಗೇ ಇದೆ ನೋಡಿ.”

ಮುದುಕ ನೋಡಲಿಲ್ಲ. ಬಾವಿಯ ಅಂಚಿನಲ್ಲಿ ಮಗುವನ್ನು ಹಿಡಿಯುವಂತೆ, ಎಡಗೈಯಿಂದ ಮಗನ ಅಂಗಿಯ ಕೊರಳಪಟ್ಟಿಯನ್ನು ಹಿಂದಿನಿಂದ ಹಿಡಿದುಕೊಂಡ. ಮೇಸ್ತ್ರಿಯ ತಲೆ ಅರ್ಧ ನರೆತಿತ್ತು. ಆದರೂ ಅವನು ಬಿಡಿ ಎನ್ನಲಿಲ್ಲ.

ಜಾಕಿನ ಹಿಡಿ ಒತ್ತಿದ. ತೋಳು ಕಿರ್ ಎಂದು ಮೇಲೇರಿತು, ಸ್ಪ್ರಿಂಗ್ ಮುದುಡಿಕೊಂಡಿತು. ಮತ್ತೆ ಒತ್ತಿದ. ಎಲ್ಲೋ ಒಂದು ಲೋಹ ನರಳಿತು, ಮೇಸ್ತ್ರಿಯ ಹೆಂಡತಿ “ಅಯ್ಯೋ” ಎಂದು ಬಾಯಿಗೆ ಟೇಪನ್ನು ಒತ್ತಿಕೊಂಡಳು. ಜಾಕ್ ಜಾರಲಿಲ್ಲ. ಚಕ್ರ ನೆಲದಿಂದ ಒಂದಿಷ್ಟೇ ಮೇಲಿತ್ತು.

“ಸಾಕು,” ಎಂದ ಮುದುಕ. “ಉದ್ದದ ಸರಳು ತಗೋ. ದೂರದಿಂದ.”

ಚೂಟಿ ಸರಳು ಕೊಟ್ಟಳು. ಮೇಸ್ತ್ರಿ ಅದನ್ನು ಟೈರಿನ ಕೆಳಗೆ ತೂರಿಸಿ, ಆಚೆ ತುದಿ ಹಿಡಿದು ಮೀಟಿದ.

ಟೊಕ್.

ಎರಡು ದಿನದಿಂದ ಅಟ್ಟಾಡಿಸಿದ್ದ ಸದ್ದು ಈಗ ಕರೆದ ಕೂಡಲೇ ಬಂತು. ಬಿಟ್ಟ, ಮತ್ತೆ ಮೀಟಿದ. ಟೊಕ್. ಇಡೀ ಚಕ್ರ ಅರ್ಧ ಬೆರಳಿನಷ್ಟು ಮೇಲೇರಿ ಇಳಿಯುತ್ತಿತ್ತು. ಕೀಲಿನ ಸುತ್ತಲಿನ ಹರಿದ ರಬ್ಬರಿನಿಂದ ಕೆಂಪು ತುಕ್ಕಿನ ಪುಡಿ ನೆಲಕ್ಕೆ ಉದುರಿತು.

ಯಾರೂ ಸಂತೋಷಪಡಲಿಲ್ಲ. ಮೇಸ್ತ್ರಿ ಸರಳನ್ನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟ. ಆಮೇಲೆ ಚಕ್ರ ಕಳಚಿ ಕೀಲನ್ನು ಬಿಚ್ಚಿದಾಗ ಅದಕ್ಕೆ ಸುತ್ತಿಗೆಯ ಅಗತ್ಯವೂ ಅಷ್ಟಾಗಿ ಬೀಳಲಿಲ್ಲ. ಗುಂಡು ಬಟ್ಟಲಿನಿಂದ ಕೈಗೇ ಬಂತು, ಅಲ್ಲಾಡುವ ಹಲ್ಲು ಬಂದ ಹಾಗೆ.

“ಇದರ ಮೇಲೆ ಬೆಳಿಗ್ಗೆ ಮೂರು ತಿರುವು ಇಳಿದ್ವಾ?” ಎಂದಳು ಚೂಟಿ.

“ಹೂಂ.”

“ವಾಪಸ್ಸು ನಾನೇ ತಂದೆ.”

“ಹೂಂ ಮಗಳೇ.”

ಅವಳು ಅಜ್ಜನ ಸೀಟಿನ ಮೇಲೆ ಹೋಗಿ ಕೂತಳು. ತಾಯಿ ನೀರು ತಂದಳು. “ನೀರು ಮಗಳಿಗೆ,” ಎಂದಳು ಗಂಡನತ್ತ ತಿರುಗಿ, “ನಿಮ್ಮ ಮಂಡಿ ಹೇಗಿದೆ?” ಹಾಗೆಂದವಳು ತಾನೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮುದುಕ ಅಲ್ಲಿಯವರೆಗೂ ಮಗನ ಕೊರಳಪಟ್ಟಿ ಬಿಟ್ಟಿರಲಿಲ್ಲ. ಬಿಟ್ಟ ಮೇಲೆ ಸವೆದ ಗುಂಡನ್ನು ತೆಗೆದುಕೊಂಡು ಬಾಗಿದ ಬೆರಳುಗಳ ನಡುವೆ ಸಿಕ್ಕಿಸಿಕೊಂಡು ತಿರುಗಿಸಿ ನೋಡಿದ. “ಇನ್ನು ನನ್ನ ಕೈ ನೋಡ್ಕೊಂಡು ಜಾಕ್ ಇಡಬೇಡ ಕಣೋ,” ಎಂದ. “ಯಾವ ಗಾಡಿ ಅಂತ ನೋಡಿ ಇಡು.”

ಭಾನುವಾರ ಬಿಡಿಭಾಗದ ಅಂಗಡಿ ತೆರೆದಿರಲಿಲ್ಲ. ಆದ್ದರಿಂದ ಸೋಮವಾರ ಬೆಳಕು ಹರಿಯುವ ಮುಂಚೆ ಮೇಸ್ತ್ರಿ ಸ್ಕೂಟರ್ ತೆಗೆದ. ಹೊರಡುವ ಮೊದಲು ಎರಡೂ ಚಕ್ರ ಅಲ್ಲಾಡಿಸಿ ನೋಡಿದ. ಹೆಂಡತಿ, “ಇನ್ನೊಂದ್ಸಲ ನೋಡಿ,” ಎಂದಳು. ಇನ್ನೊಂದು ಸಲ ನೋಡಿದ. ಚೂಟಿ ಹಿಂದೆ ಕೂತಳು, ಊಟದ ಡಬ್ಬಿ ಇಬ್ಬರ ನಡುವೆ.

ಮೂರನೆಯ ತಿರುವಿನಲ್ಲಿ ಸ್ಕೂಟರಿನ ದೀಪ ರಸ್ತೆಯ ಅಂಚಿನ ಮೇಲೆ ಬಿತ್ತು. ನಿನ್ನೆಯ ಟೈರಿನ ಗುರುತು ಜಲ್ಲಿಯಲ್ಲಿ ಹಾಗೇ ಉಳಿದಿತ್ತು. ಕಲ್ಲುಕಟ್ಟೆಯಿಂದ ಒಂದು ಮೊಳ ದೂರ ಇರಬಹುದು ಎಂದು ಮೇಸ್ತ್ರಿ ರಾತ್ರಿಯೆಲ್ಲ ಲೆಕ್ಕ ಹಾಕಿದ್ದ. ಅಷ್ಟು ಇರಲಿಲ್ಲ. ಗುರುತು ಕಟ್ಟೆಯವರೆಗೂ ಹೋಗಿತ್ತು, ಒಂದು ಕಲ್ಲಿನ ಮೇಲೆ ಕಪ್ಪು ರಬ್ಬರು ಉಜ್ಜಿತ್ತು.

ಅವನು ಸ್ಕೂಟರನ್ನು ದಾಟಿಸಿದ. ಅವಳು ನೋಡಲಿಲ್ಲವೇನೋ ಎಂದುಕೊಂಡ. ಆಗ ಅವಳ ಕೈ ಹಿಂದಿನಿಂದ ಬಂದು ಅವನ ಕೊರಳಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಅವಳ ಅಜ್ಜ ಹಿಡಿದಿದ್ದ ಜಾಗದಲ್ಲೇ.

“ಅಪ್ಪ, ನಿಧಾನ.”

“ನಿಧಾನವಾಗೇ ಇದೀನಿ.”

“ಇನ್ನೂ ನಿಧಾನ.”

ಅವನು ಇನ್ನೂ ನಿಧಾನ ಮಾಡಿದ.